ಬೀಗವನ್ನು ಆರಿಸುವವರು ಯಾರು?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಔಷಧಿಗಳ ರಸಾಯನವನ್ನು ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ನಮ್ಮದು ಕಲಾ ಕಾಲೇಜು. ಇಲ್ಲಿ ಇತಿಹಾಸವುಂಟು, ಅರ್ಥಶಾಸ್ತ್ರವುಂಟು, ರಾಜ್ಯಶಾಸ್ತ್ರವುಂಟು, ಕನ್ನಡವುಂಟು. ಗಾಜಿನ ನಳಿಗೆಗಳಿಲ್ಲ, ಆಮ್ಲದ ವಾಸನೆಯಿಲ್ಲ. ‘ನಿನಗ್ಯಾಕ ಬೇಕೋ ಈ ಉಸಾಬರಿ?’ ಎಂದು ಗೆಳೆಯರೇ ನನ್ನನ್ನು ಕೇಳಿದ್ದುಂಟು. ಅವರಿಗೆ ನಾನು ಕೊಡುವ ಉತ್ತರವೇ ಈ ಲೇಖನ. ಔಷಧಿಯನ್ನು ಮಾಡುವುದು ರಸಾಯನಶಾಸ್ತ್ರಜ್ಞರ ಕೆಲಸ. ಅದರಲ್ಲಿ ನಮಗೆ ಪಾಲಿಲ್ಲ. ಆದರೆ ಯಾವ ರೋಗಕ್ಕೆ ಔಷಧಿಯನ್ನು ಹುಡುಕಬೇಕು, ಅದಕ್ಕೆ ಹಣವನ್ನು ಯಾರು ಕೊಡಬೇಕು, ಸಿಕ್ಕ ಮೇಲೆ ಅದು ಯಾರ ಕೈ ಸೇರಬೇಕು ಎಂಬ ಪ್ರಶ್ನೆಗಳು ರಸಾಯನಶಾಸ್ತ್ರದವಲ್ಲ. ಅವು ನಮ್ಮ ಪಠ್ಯಪುಸ್ತಕಗಳ ಪ್ರಶ್ನೆಗಳು. ಅವುಗಳನ್ನು ನಾವು ಕೇಳದಿರುವುದರಿಂದಲೇ ಬೇರೆ ಯಾರೋ ಉತ್ತರವನ್ನು ಗೊತ್ತುಮಾಡಿಬಿಟ್ಟಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. ಜೋಳದ ರೊಟ್ಟಿಯ ಒಂದು ತುಣುಕನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದು ನೋಡಿರಿ. ಅದು ಮೆಲ್ಲಗೆ ಸಿಹಿಯಾಗತೊಡಗುತ್ತದೆ. ಜೊಲ್ಲಿನಲ್ಲಿರುವ ಒಂದು ವಸ್ತುವು ಹಿಟ್ಟಿನ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದೇ ಇದಕ್ಕೆ ಕಾರಣ. ಇಂಥ ವಸ್ತುಗಳಿಗೆ ಕಿಣ್ವಗಳೆಂದು ಹೆಸರು. ಹಿಟ್ಟು ಹುಳಿ ಬರುವುದು, ಹಾಲು ಹೆಪ್ಪುಗಟ್ಟುವುದು, ಉಂಡ ಅನ್ನ ರಕ್ತವಾಗುವುದು, ಎಲ್ಲದರ ಹಿಂದೆಯೂ ಕಿಣ್ವಗಳಿವೆ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಎಂಬ ವಿಜ್ಞಾನಿಯು ಹುದುಗುಬರಿಸುವ ಯೀಸ್ಟನ್ನು ಅರೆದು, ಅದರ ಜೀವಕೋಶಗಳನ್ನೆಲ್ಲ ಸೋಸಿ ತೆಗೆದು, ಉಳಿದ ರಸವೊಂದೇ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದನು. ಜೀವದ ಕೆಲಸವೆಂದು ತಿಳಿದಿದ್ದುದು ಒಂದು ವಸ್ತುವಿನ ಕೆಲಸವೆಂದು ಅಂದು ಸಿದ್ಧವಾಯಿತು. ಅದಕ್ಕೂ ಮೂರು ವರ್ಷ ಮೊದಲು, 1894ರಲ್ಲಿ, ಎಮಿಲ್ ಫಿಷರ್ ಎಂಬವನು ಒಂದು ಸೊಗಸಾದ ಹೋಲಿಕೆಯನ್ನು ಕೊಟ್ಟಿದ್ದನು. ಕಿಣ್ವವು ಬೀಗವಿದ್ದಂತೆ, ಅದು ಯಾವ ವಸ್ತುವಿನ ಮೇಲೆ ಕೆಲಸ ಮಾಡುವುದೋ ಆ ವಸ್ತುವು ಕೀಲಿಕೈಯಿದ್ದಂತೆ. ಆಕಾರ ಹೊಂದಿದರೆ ಮಾತ್ರ ಬೀಗ ತಿರುಗೀತು.

ಈ ಹೋಲಿಕೆಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರೆ ಔಷಧಿಯ ಗುಟ್ಟು ಸಿಗುತ್ತದೆ. ನಿಜವಾದ ಕೀಲಿಕೈಯಂತೆಯೇ ಕಾಣುವ, ಆದರೆ ಬೀಗವನ್ನು ತೆರೆಯದೆ ಅದರೊಳಗೆ ಸಿಕ್ಕಿಕೊಂಡು ನಿಲ್ಲುವ ಒಂದು ಸುಳ್ಳು ಕೀಲಿಕೈಯನ್ನು ಮಾಡಿದರೆ ಏನಾದೀತು? ಬೀಗವು ಕೆಟ್ಟು ನಿಲ್ಲುತ್ತದೆ. ಆ ಬೀಗವು ರೋಗಾಣುವಿಗೆ ಅತ್ಯಗತ್ಯವಾದ ಕಿಣ್ವವಾಗಿದ್ದರೆ ರೋಗಾಣುವು ಸಾಯುತ್ತದೆ. ಇಂಥ ಸುಳ್ಳು ಕೀಲಿಕೈಗೆ ಕಿಣ್ವ ಪ್ರತಿಬಂಧಕವೆನ್ನುತ್ತಾರೆ. ನಾವು ನುಂಗುವ ಗುಳಿಗೆಗಳಲ್ಲಿ ಬಹಳಷ್ಟು ಈ ಜಾತಿಯವೇ. ತಲೆನೋವಿಗೆ ತೆಗೆದುಕೊಳ್ಳುವ ಆಸ್ಪಿರಿನ್ ಹೀಗೆಯೇ ಕೆಲಸ ಮಾಡುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಈ ಪ್ರತಿಬಂಧಕಗಳು ಚಿಕ್ಕ ಅಣುಗಳಾಗಿರಬೇಕೆಂಬುದಕ್ಕೂ ಕಾರಣವುಂಟು. ಇನ್ಸುಲಿನ್ನಿನಂಥ ದೊಡ್ಡ ಅಣುವನ್ನು ನುಂಗಿದರೆ ಹೊಟ್ಟೆಯು ಅದನ್ನು ಅನ್ನದಂತೆ ಜೀರ್ಣಿಸಿಬಿಡುತ್ತದೆ. ಸೂಜಿಯಿಂದಲೇ ಕೊಡಬೇಕು, ತಂಪಿನಲ್ಲಿಯೇ ಇಡಬೇಕು. ಚಿಕ್ಕ ಅಣುವಾದರೆ ಗುಳಿಗೆಯಾಗುತ್ತದೆ. ಗುಳಿಗೆಯಾದರೆ ಅಂಗಿಯ ಕಿಸೆಯಲ್ಲಿ ಹೋಗುತ್ತದೆ. ದುಡಿಯಲು ಊರೂರು ತಿರುಗುವ ಬಡವನಿಗೆ ಇದು ಸಣ್ಣ ಮಾತಲ್ಲ.

ಮೊದಲ ಕಾಲದಲ್ಲಿ ಇಂಥ ಅಣುಗಳು ದೊರೆತದ್ದು ಅದೃಷ್ಟದಿಂದ. ಕ್ಷಯರೋಗಕ್ಕೆ ಇಂದಿಗೂ ಕೊಡುವ ಐಸೋನಿಯಾಜಿಡ್ ಎಂಬ ಔಷಧಿಯನ್ನೇ ನೋಡಿರಿ. ಅದನ್ನು ಮೊದಲು ತಯಾರಿಸಿದವರು ಪ್ರಾಗ್ ನಗರದ ಇಬ್ಬರು ವಿದ್ಯಾರ್ಥಿಗಳು, ಮೇಯರ್ ಮತ್ತು ಮಾಲಿ ಎಂಬವರು. ವರ್ಷ 1912. ಅವರಿಗೆ ಬೇಕಾಗಿದ್ದುದು ಪದವಿ. ಔಷಧಿಯ ವಿಚಾರ ಅವರ ಕನಸಿನಲ್ಲಿಯೂ ಇರಲಿಲ್ಲ. ಅಲ್ಲಿಂದ 40 ವರ್ಷ ಆ ಅಣುವನ್ನು ಯಾರೂ ವಿಚಾರಿಸಲಿಲ್ಲ. ಆ 40 ವರ್ಷಗಳಲ್ಲಿ ಎಷ್ಟು ಜನ ಕ್ಷಯದಿಂದ ಸತ್ತರೆಂಬುದನ್ನು ಎಣಿಸಿದವರಾರು? 1952ರಲ್ಲಿ ಅದು ಕ್ಷಯದ ರೋಗಾಣುವನ್ನು ಕೊಲ್ಲುತ್ತದೆಂಬುದು ಮೂರು ಕಂಪನಿಗಳಿಗೆ ಒಮ್ಮೆಲೇ ತಿಳಿಯಿತು. ಹೇಗೆ ಕೊಲ್ಲುತ್ತದೆಂಬುದು ತಿಳಿಯಲು ಮತ್ತೆ 40 ವರ್ಷ ಬೇಕಾದವು. ರೋಗಾಣುವು ತನ್ನ ಮೇಣದ ಕವಚವನ್ನು ಕಟ್ಟಿಕೊಳ್ಳಲು ಬಳಸುವ ಒಂದು ಕಿಣ್ವವೇ ಆ ಬೀಗವೆಂದು 1994ರಲ್ಲಿ ಗೊತ್ತಾಯಿತು.

ಈಗ ಕೆಲಸವು ತಿರುಗಮುರುಗವಾಗಿ ನಡೆಯುತ್ತದೆ. ಮೊದಲು ಬೀಗವನ್ನು ಆರಿಸುತ್ತಾರೆ. ಆಮೇಲೆ ಕೀಲಿಕೈಯನ್ನು ಕೆತ್ತುತ್ತಾರೆ. ಈ ಮಾರ್ಗದ ಮೊದಲ ದೊಡ್ಡ ಗೆಲುವು ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದಲ್ಲಿ ರಕ್ತದೊತ್ತಡವನ್ನೇರಿಸುವ ಕಿಣ್ವವನ್ನು ತಡೆಯುವ ಅಂಶವಿದೆಯೆಂದು ತಿಳಿದಿತ್ತು. ಆದರೆ ಆ ಕಿಣ್ವದ ಆಕಾರವನ್ನು ಯಾರೂ ಕಂಡಿರಲಿಲ್ಲ. ಅದರ ದಾಯಾದಿಯಂತಿದ್ದ ಇನ್ನೊಂದು ಕಿಣ್ವದ ಆಕಾರ ತಿಳಿದಿತ್ತು. ಅದರ ಆಧಾರದಿಂದ ಅಮೇರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ, ಹೊಂದುವಂಥ ಚಿಕ್ಕ ಅಣುವನ್ನು ಕಟ್ಟಿದರು. 1981ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಇಂದು ಕಿಣ್ವವನ್ನು ಹರಳುಗಟ್ಟಿಸಿ, ಕ್ಷ-ಕಿರಣಗಳಿಂದ ಅದರ ಒಳಗಿನ ಗುಳಿಯನ್ನು ಕಂಡು, ಗಣಕಯಂತ್ರದಲ್ಲಿ ಅಣುಗಳನ್ನು ಕೂಡಿಸಿ ನೋಡುತ್ತಾರೆ. ಸಾವಿರಾರು ಅಣುಗಳಲ್ಲಿ ಒಂದು ಸುಮಾರಾಗಿ ಹೊಂದುತ್ತದೆ. ಅದರಲ್ಲಿ ಇಲ್ಲೊಂದು ಪರಮಾಣುವನ್ನು ತೆಗೆದು, ಅಲ್ಲೊಂದನ್ನು ಸೇರಿಸಿ, ನೂರಾರು ಸಲ ಮಾಡಿ ನೋಡಬೇಕು. ಅಣುವು ಬೀಗಕ್ಕೆ ಹೊಂದಿದರಷ್ಟೇ ಸಾಲದು. ನೀರಿನಲ್ಲಿ ಕರಗಬೇಕು, ಜಠರವನ್ನು ದಾಟಬೇಕು, ಯಕೃತ್ತಿನ ಕೈಯಿಂದ ಪಾರಾಗಬೇಕು, ರೋಗಾಣುವಿನ ಗೋಡೆಯನ್ನು ತೂರಬೇಕು, ಮನುಷ್ಯನ ಬೀಗಗಳನ್ನು ಮುಟ್ಟಕೂಡದು. ಬೀಗವನ್ನು ಆರಿಸಿದ ದಿನದಿಂದ ಗುಳಿಗೆಯು ಅಂಗಡಿಗೆ ಬರುವವರೆಗೆ ಹತ್ತು ವರ್ಷಗಳಿಗಿಂತ ಹೆಚ್ಚು ಹಿಡಿಯುವುದು ಸಾಮಾನ್ಯ.

ಇದೆಲ್ಲ ದೂರದ ಮಾತೆಂದು ತಿಳಿಯಬೇಡಿರಿ. ನಮ್ಮ ಬೆಂಗಳೂರಿನಲ್ಲಿಯೇ ಈ ಕೆಲಸವು ನಡೆದಿದೆ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರು 2001ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಸಾಬೂನಿನಲ್ಲಿಯೂ ಹಲ್ಲಿನ ಪೇಸ್ಟಿನಲ್ಲಿಯೂ ಬಳಸುತ್ತಿದ್ದ ಟ್ರೈಕ್ಲೋಸಾನ್ ಎಂಬ ಚಿಕ್ಕ ಅಣುವು ಮಲೇರಿಯಾ ರೋಗಾಣುವಿನ ಒಂದು ಕಿಣ್ವವನ್ನು ತಡೆಯುತ್ತದೆಂದು ಅವರು ತೋರಿಸಿದರು. ಅದು ಜಗತ್ತಿನ ಗಮನವನ್ನು ಸೆಳೆಯಿತು. ಆದರೆ ಆ ಕಿಣ್ವವಿಲ್ಲದೆಯೂ ರೋಗಾಣುವು ರಕ್ತದಲ್ಲಿ ಬದುಕಬಲ್ಲುದು, ಯಕೃತ್ತಿನ ಹಂತದಲ್ಲಿ ಮಾತ್ರ ಅದು ಅತ್ಯಗತ್ಯ ಎಂದು 2008ರಲ್ಲಿ ಬೇರೆ ವಿಜ್ಞಾನಿಗಳು ಕಂಡರು. ಇದರಿಂದ ಮೊದಲಿನವರ ಶ್ರಮ ವ್ಯರ್ಥವಾಯಿತೆನ್ನಲಾದೀತೇ? ಇಲ್ಲ. ಒಂದು ಬೀಗವನ್ನು ಪರೀಕ್ಷಿಸಿದ್ದರಿಂದಲೇ ಮನೆಯ ನಕ್ಷೆ ಇನ್ನಷ್ಟು ತಿಳಿಯಿತು. ಆದರೆ ಬೀಗದ ಆಯ್ಕೆಯು ಎಷ್ಟು ಕಠಿಣವಾದುದು, ಅದಕ್ಕೆ ಎಷ್ಟು ತಾಳ್ಮೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಉದಾಹರಣೆಯು ನನ್ನ ವಾದಕ್ಕೆ ಇನ್ನೂ ಹತ್ತಿರವಾದುದು. ಆಸ್ಟ್ರಾಜೆನೆಕಾ ಎಂಬ ವಿದೇಶೀ ಕಂಪನಿಯು ಬೆಂಗಳೂರಿನಲ್ಲಿ ಸಂಶೋಧನಾಲಯವನ್ನು ನಡೆಸುತ್ತಿತ್ತು. ಕ್ಷಯರೋಗಕ್ಕೆ ಹೊಸ ಔಷಧಿಯನ್ನು ಹುಡುಕುವುದು ಅಲ್ಲಿಯ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಕ್ಷಯದ ರೋಗಾಣುವಿನ ಗೋಡೆಯಲ್ಲಿ ಅರಾಬಿನೋಸ್ ಎಂಬ ಸಕ್ಕರೆಯ ಎಳೆಗಳಿವೆ. ಆ ಸಕ್ಕರೆಯನ್ನು ಒದಗಿಸುವ ಕಿಣ್ವಕ್ಕೆ ಡಿಪಿಆರ್‌ಇ-1 ಎಂದು ಹೆಸರು. ಅದನ್ನು ತಡೆದರೆ ಗೋಡೆ ಏಳುವುದಿಲ್ಲ. ಗೋಡೆಯಿಲ್ಲದೆ ರೋಗಾಣು ಉಳಿಯುವುದಿಲ್ಲ. ಬೆಂಗಳೂರಿನ ವಿಜ್ಞಾನಿಗಳು ಅಜಾಇಂಡೋಲ್ ಎಂಬ ಜಾತಿಯ ಚಿಕ್ಕ ಅಣುಗಳನ್ನು ತಯಾರಿಸಿ, ಅವು ಈ ಬೀಗವನ್ನು ಕೆಡಿಸುತ್ತವೆಂದು 2013ರಲ್ಲಿ ಪ್ರಕಟಿಸಿದರು. ಮರುವರ್ಷ, 2014ರಲ್ಲಿ, ಕಂಪನಿಯು ಬೆಂಗಳೂರಿನ ಸಂಶೋಧನೆಯನ್ನು ನಿಲ್ಲಿಸುವುದಾಗಿ ಸಾರಿತು. ಅಣುವು ಕೆಟ್ಟದ್ದೆಂದಲ್ಲ, ಬೀಗವು ತಪ್ಪೆಂದಲ್ಲ, ಕಂಪನಿಯು ಬೇರೆ ರೋಗಗಳ ಕಡೆಗೆ ಹೊರಳಿತು, ಅಷ್ಟೆ. ಆ ಅಣುವು ಅನಾಥವಾಗದೆ ಉಳಿದದ್ದು ಟಿ.ಬಿ. ಅಲಯನ್ಸ್ ಎಂಬ ಲಾಭವಿಲ್ಲದೆ ನಡೆಯುವ ಸಂಸ್ಥೆಯು ಅದನ್ನು ಕೈಗೆತ್ತಿಕೊಂಡದ್ದರಿಂದ. ಟಿಬಿಎ-7371 ಎಂಬ ಹೆಸರಿನಿಂದ ಅದು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗಳನ್ನು ಕಂಡು, ದಕ್ಷಿಣ ಆಫ್ರಿಕದ ರೋಗಿಗಳ ಮೇಲೆಯೂ ಪರೀಕ್ಷಿಸಲ್ಪಟ್ಟಿತು. ಇನ್ನೂ ಅದು ಔಷಧಿಯಂಗಡಿಗೆ ಬಂದಿಲ್ಲ. ನಮ್ಮ ರಾಜ್ಯದಲ್ಲಿ, ನಮ್ಮ ಜನರನ್ನು ಕಾಡುವ ರೋಗಕ್ಕಾಗಿ ಹುಟ್ಟಿದ ಅಣುವಿನ ಹಣೆಬರಹವು ಸಾಗರದಾಚೆಯ ಒಂದು ಸಭೆಯಲ್ಲಿ ಗೊತ್ತಾಗುತ್ತದೆಂಬುದನ್ನು ನಾವು ಮರೆಯಬಾರದು.

ಹಾಗೆಂದು ಕಂಪನಿಗಳನ್ನು ಬೈದು ಕುಳಿತರೆ ಪ್ರಯೋಜನವಿಲ್ಲ. ವ್ಯಾಪಾರಿಯು ಲಾಭವನ್ನು ನೋಡುವುದು ಅಧರ್ಮವೇನೂ ಅಲ್ಲ. ರಕ್ತದೊತ್ತಡದ ಗುಳಿಗೆಯನ್ನು ರೋಗಿಯು ಬದುಕಿರುವವರೆಗೂ ಕೊಳ್ಳುತ್ತಾನೆ. ಕ್ಷಯದ ಗುಳಿಗೆಯನ್ನು ಆರು ತಿಂಗಳು ನುಂಗಿ ಬಿಡುತ್ತಾನೆ. ಅದನ್ನೂ ಸಾಮಾನ್ಯವಾಗಿ ಸರಕಾರವೇ ಕೊಂಡು ಪುಕ್ಕಟೆಯಾಗಿ ಹಂಚುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠವನ್ನು ಓದಿದವನಿಗೂ ಇದರ ಪರಿಣಾಮ ತಿಳಿಯುತ್ತದೆ. ಹಿಂದಿನ ಶತಮಾನದ ಅರವತ್ತರ ದಶಕದಲ್ಲಿ ರಿಫಾಂಪಿಸಿನ್ ಬಂದ ಮೇಲೆ, ಹೊಸ ರೀತಿಯಲ್ಲಿ ಕೆಲಸ ಮಾಡುವ ಕ್ಷಯದ ಔಷಧಿಯೊಂದು, ಬೆಡಾಕ್ವಿಲಿನ್, ಅಮೇರಿಕದಲ್ಲಿ ಒಪ್ಪಿಗೆ ಪಡೆದುದು 2012ರಲ್ಲಿ. ನಡುವೆ 40 ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಬುದ್ಧಿವಂತರ ಕೊರತೆಯಿಂದ ಹೀಗಾಯಿತೇ? ಅದೇ ಕಾಲದಲ್ಲಿ ರಕ್ತದೊತ್ತಡಕ್ಕೆ, ರಕ್ತದ ಕೊಬ್ಬಿಗೆ, ಹೊಟ್ಟೆಯ ಆಮ್ಲಕ್ಕೆ ಪ್ರತಿಬಂಧಕಗಳು ಒಂದರ ಹಿಂದೊಂದು ಬಂದವು. ಬಡವನ ಬೀಗವನ್ನು ಆರಿಸಲು ಕೊಳ್ಳುವವರಿರಲಿಲ್ಲ, ಅಷ್ಟೆ. ಆಯ್ಕೆಯನ್ನೆಲ್ಲ ಮಾರುಕಟ್ಟೆಗೆ ಒಪ್ಪಿಸಿ ಸುಮ್ಮನಿದ್ದ ಸಮಾಜದ ಮೇಲೆಯೇ ಈ ಹೊಣೆ ಬೀಳುತ್ತದೆ.

‘ಇದ್ದ ಔಷಧಿಯನ್ನೇ ಸರಿಯಾಗಿ ಹಂಚಿದರೆ ಸಾಲದೇ? ಹೊಟ್ಟೆಗೆ ಅನ್ನ, ಮನೆಗೆ ಗಾಳಿ ಬೆಳಕು ಕೊಟ್ಟರೆ ಕ್ಷಯವು ತಾನೇ ಹೋಗುವುದು. ಹೊಸ ಅಣುಗಳ ಹುಚ್ಚೇಕೆ?’ ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಅರೆಹೊಟ್ಟೆಯ ಮನೆಯಲ್ಲಿ ಕ್ಷಯವು ಬಿಡಾರ ಹೂಡುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ರೋಗಾಣುವು ಕೈಕಟ್ಟಿ ಕುಳಿತಿಲ್ಲ. ಬೀಗದ ಆಕಾರವು ತುಸು ಬದಲಾದರೆ ಹಳೆಯ ಸುಳ್ಳು ಕೀಲಿಕೈ ಒಳಹೋಗದು. ಅಂಥ ರೋಗಾಣುಗಳು ಉಳಿದು ಬೆಳೆಯುತ್ತವೆ. ಅದನ್ನೇ ಔಷಧಿಗೆ ಬಗ್ಗದ ಕ್ಷಯವೆನ್ನುತ್ತಾರೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಜನ ನಮ್ಮ ದೇಶದವರು. 2025ರ ವೇಳೆಗೆ ಕ್ಷಯವನ್ನು ಇಲ್ಲವಾಗಿಸಬೇಕೆಂದು ನಮ್ಮ ಸರಕಾರವು ಗುರಿಯಿಟ್ಟಿತ್ತು. 2025 ಬಂದಿತು, ಕ್ಷಯವು ಹೋಗಲಿಲ್ಲ. ಅನ್ನವೂ ಬೇಕು, ಹಂಚಿಕೆಯೂ ಬೇಕು, ಹೊಸ ಕೀಲಿಕೈಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕೈಬಿಡುವುದು ಸರಿಯಲ್ಲ.

ಈ ವಿಷಯವು ನನ್ನ ಮನಸ್ಸಿಗೆ ನಾಟಿದ್ದು ಪುಸ್ತಕದಿಂದಲ್ಲ. ನಮ್ಮೂರು ಅಫಜಲಪುರ ತಾಲೂಕಿನ ಮಣ್ಣೂರ. ಭೀಮಾ ನದಿ ಬದಿಯಲ್ಲಿಯೇ ಇದ್ದರೂ, ಮಳೆ ಕೈಕೊಟ್ಟ ವರ್ಷ ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವುದು ನಮ್ಮ ಜನರಿಗೆ ತಪ್ಪಿದ್ದಲ್ಲ. ನನ್ನ ಸೋದರಮಾವನೂ ಹಾಗೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದನು. ಕೆಮ್ಮು ಹತ್ತಿ, ಮೈ ಇಳಿದು ಊರಿಗೆ ಬಂದನು. ಕಫ ಪರೀಕ್ಷಿಸಿ ಕ್ಷಯವೆಂದರು. ಗುಳಿಗೆಗಳನ್ನು ಪುಕ್ಕಟೆಯಾಗಿ ಕೊಟ್ಟರು. ಕೆಲವು ದಿನ ನುಂಗಿ ಬಿಟ್ಟುಬಿಟ್ಟನು. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ಇಮ್ಮಡಿಯಾಯಿತು.

‘ಮಾಮಾ, ಗುಳಿಗಿ ಯಾಕ ಬಿಟ್ಟಿ?’ ಎಂದು ಕೇಳಿದೆನು.

‘ಉಚ್ಚಿ ಕೆಂಪಗ ಹೊಂಟಿತ್ತೋ ತಮ್ಮಾ. ಮೈಯಾನ ನೆತ್ತರ ಹೊಂಟದ ಅಂತ ಅಂಜಿದೆ. ಯಾರಿಗಿ ಕೇಳ್ಲಿ?’ ಎಂದನು.

ಆ ಕೆಂಪು ನೆತ್ತರದ್ದಲ್ಲ, ರಿಫಾಂಪಿಸಿನ್ನಿನ ಬಣ್ಣ. ಅದು ಸ್ವಭಾವತಃ ಕೆಂಪಾದ ಔಷಧಿ. ಮೂತ್ರ, ಬೆವರು, ಕಣ್ಣೀರುಗಳಿಗೂ ಆ ಬಣ್ಣ ಬರುತ್ತದೆ, ಅದರಿಂದ ಅಪಾಯವಿಲ್ಲ. ಈ ಒಂದು ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಗುಳಿಗೆಯ ಹಾಳೆಯ ಮೇಲೆ ಇದ್ದುದೆಲ್ಲ ಇಂಗ್ಲಿಷು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಆ ಹಾಳೆ ನನ್ನ ಕೈಗೆ ಬಂದಿತು. ಅದರಲ್ಲಿದ್ದ ಹೆಸರುಗಳನ್ನು ಹಿಡಿದುಕೊಂಡು, ಕೇಳಿ ಓದಿ, ನಾನು ಈ ಕಿಣ್ವಗಳ ಲೋಕವನ್ನು ಹೊಕ್ಕೆನು. ನಾಲ್ಕು ಹೆಸರುಗಳಲ್ಲಿ ಮೂರು ಕಿಣ್ವ ಪ್ರತಿಬಂಧಕಗಳೆಂದು ಆಗ ತಿಳಿಯಿತು. ಮಾವನ ದೈವ ಒಳ್ಳೆಯದು. ರೋಗಾಣು ಇನ್ನೂ ಔಷಧಿಗೆ ಬಗ್ಗುತ್ತಿತ್ತು. ಮತ್ತೆ ಮೊದಲಿನಿಂದ ಆರು ತಿಂಗಳು ತಪ್ಪದೆ ನುಂಗಿ ಗುಣವಾದನು. ವಿಜ್ಞಾನಿಗಳು ದಶಕಗಟ್ಟಲೆ ದುಡಿದು ಕೆತ್ತಿದ ಕೀಲಿಕೈಯು ನಮ್ಮ ಮನೆಯ ಕಟ್ಟೆಯವರೆಗೆ ಬಂದು, ಒಂದು ಕನ್ನಡ ವಾಕ್ಯವಿಲ್ಲದ್ದರಿಂದ ಅಲ್ಲಿಯೇ ನಿಂತುಬಿಟ್ಟಿತ್ತು. ಆ ವಾಕ್ಯವನ್ನು ಬರೆಯಬೇಕಾದವರು ಯಾರು? ರಸಾಯನಶಾಸ್ತ್ರಜ್ಞರೇ? ಭಾಷೆಯನ್ನು ಓದುವ ನಾವಲ್ಲವೇ?

ಲೇಖನಿಗೂ ಕಾನೂನಿಗೂ ಔಷಧಿಯ ವಿಷಯದಲ್ಲಿ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಗಳಿವೆ. 1970ರ ನಮ್ಮ ಪೇಟೆಂಟ್ ಕಾಯಿದೆಯು ಔಷಧಿಯ ವಸ್ತುವಿಗೆ ಏಕಸ್ವಾಮ್ಯವನ್ನು ಕೊಡದೆ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದರಿಂದ ನಮ್ಮ ರಸಾಯನಶಾಸ್ತ್ರಜ್ಞರು ಅದೇ ಅಣುವನ್ನು ಬೇರೆ ದಾರಿಯಿಂದ ತಯಾರಿಸುವುದನ್ನು ಕಲಿತರು. ಅದರ ಫಲವು 2001ರಲ್ಲಿ ಕಂಡಿತು. ಏಡ್ಸ್ ರೋಗಾಣುವಿನ ಕಿಣ್ವವನ್ನು ತಡೆಯುವ ಮೂರು ಔಷಧಿಗಳನ್ನು, ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿ ಬೆಲೆಯಿದ್ದಾಗ, ಮುಂಬಯಿಯ ಸಿಪ್ಲಾ ಕಂಪನಿಯು 350 ಡಾಲರಿಗೆ ಕೊಡಮಾಡಿತು. 2005ರಿಂದ ವಸ್ತುವಿಗೂ ಪೇಟೆಂಟು ಕೊಡಬೇಕಾಗಿ ಬಂದಿತಾದರೂ, ಹಳೆಯ ಔಷಧಿಗೆ ಅಲ್ಪಸ್ವಲ್ಪ ಬದಲಾವಣೆ ಮಾಡಿ ಏಕಸ್ವಾಮ್ಯವನ್ನು ಬೆಳೆಸುವುದಕ್ಕೆ ನಮ್ಮ ಶಾಸನವು ತಡೆಯನ್ನಿಟ್ಟಿತು. ಬೆಡಾಕ್ವಿಲಿನ್ನಿನ ವಿಷಯದಲ್ಲಿ ಇಂಥದೇ ಅರ್ಜಿ ಬಂದಾಗ ಅದನ್ನು ವಿರೋಧಿಸಿದವರಲ್ಲಿ ಕ್ಷಯದಿಂದ ಗುಣವಾದ ಇಬ್ಬರು ಮಹಿಳೆಯರಿದ್ದರು: ಪತ್ರಕರ್ತೆ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ. ಹಳೆಯ ಔಷಧಿಗಳ ದುಷ್ಪರಿಣಾಮದಿಂದ ಇಬ್ಬರೂ ಕಿವಿಯನ್ನು ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿಯು ಆ ಅರ್ಜಿಯನ್ನು ತಳ್ಳಿಹಾಕಿತು. ಒಂದು ಅಣುವನ್ನೂ ಕೆತ್ತದ ಕೈಗಳು ಒಂದು ಔಷಧಿಯ ಬಾಗಿಲನ್ನು ತೆರೆದವು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಬಡವರ ರೋಗಗಳ ಬೀಗವನ್ನು ಸಾರ್ವಜನಿಕ ಹಣವೇ ಆರಿಸಬೇಕು. ಮತ್ತು ಅಣುವು ಪರೀಕ್ಷೆಗಳನ್ನೆಲ್ಲ ದಾಟುವವರೆಗೂ ಆ ಹಣವು ಜೊತೆಗಿರಬೇಕು. ಇದು ಕನಸಲ್ಲ. ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು 2008ರಲ್ಲಿಯೇ ಕ್ಷಯಕ್ಕಾಗಿ ಎಲ್ಲರೂ ಕೂಡಿ ಔಷಧಿಯನ್ನು ಹುಡುಕುವ ಮುಕ್ತ ಯೋಜನೆಯನ್ನು ಆರಂಭಿಸಿತ್ತು. ಲಾಭವಿಲ್ಲದ ಸಂಸ್ಥೆಯೊಂದು ಬೆಳೆಸಿದ ಪ್ರಿಟೋಮನಿಡ್ ಎಂಬ ಔಷಧಿಯು 2019ರಲ್ಲಿ ಅಮೇರಿಕದ ಒಪ್ಪಿಗೆ ಪಡೆದು, ಒಂದೂವರೆ ಎರಡು ವರ್ಷ ಹಿಡಿಯುತ್ತಿದ್ದ ಹಠಮಾರಿ ಕ್ಷಯದ ಚಿಕಿತ್ಸೆಯನ್ನು ಇತರ ಔಷಧಿಗಳೊಡನೆ ಆರು ತಿಂಗಳಿಗೆ ಇಳಿಸಿದೆ. ಮನಸ್ಸು ಮಾಡಿದರೆ ಆಗುತ್ತದೆ. ಎರಡನೆಯದಾಗಿ, ಸಾರ್ವಜನಿಕ ಹಣದಿಂದ ಹುಟ್ಟಿದ ಅಣುವನ್ನು ಕಂಪನಿಗೆ ಒಪ್ಪಿಸುವಾಗ, ‘ನೀವು ಬೇಡವೆಂದು ಬಿಟ್ಟ ದಿನ ಇದು ನಮಗೆ ಮರಳಬೇಕು’ ಎಂಬ ಕರಾರು ಇರಬೇಕು. ಇದನ್ನು ಬರೆಯುವವರು ನ್ಯಾಯಶಾಸ್ತ್ರ ಓದಿದವರು. ಕೇಳಿ ಪಡೆಯುವವರು ನಾಗರಿಕರು.

ಮೂರನೆಯದು ನಮ್ಮ ಕೈಯಲ್ಲಿಯೇ ಇದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ. ಅವುಗಳೊಡನೆ, ಕ್ಷಯದ ಗುಳಿಗೆ ಏಕೆ ಆರು ತಿಂಗಳು, ನಡುವೆ ಬಿಟ್ಟರೆ ಏನಾಗುತ್ತದೆ, ಮೂತ್ರ ಏಕೆ ಕೆಂಪಾಗುತ್ತದೆ ಎಂಬುದನ್ನು ನಮ್ಮ ಕಡೆಯ ಮಾತಿನಲ್ಲಿ ಒಂದು ಪುಟಕ್ಕೆ ಇಳಿಸಿ, ವೈದ್ಯರಿಂದ ತಿದ್ದಿಸಿ, ಮನೆಮನೆಗೆ ಓದಿ ಹೇಳಲಾರೆವೇ? ಅಧ್ಯಾಪಕ ವರ್ಗದವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ಪೂರೈಕೆಗಳ ಪಾಠಕ್ಕೆ ಉದಾಹರಣೆ ಬೇಕಾದಾಗ, ಒಮ್ಮೆ ಕ್ಷಯದ ಗುಳಿಗೆಯನ್ನು ತೆಗೆದುಕೊಳ್ಳಿರಿ. ಅಗತ್ಯವು ಬೆಟ್ಟದಷ್ಟಿದ್ದೂ ಬೇಡಿಕೆಯು ಸೊನ್ನೆಯಾಗುವುದು ಹೇಗೆಂಬುದು ನಮ್ಮಂಥವರಿಗೆ ಬೇಗನೆ ತಿಳಿದೀತು.

ಕಿಣ್ವದ ಬೀಗವನ್ನು ಕೆತ್ತಿದ್ದು ಪ್ರಕೃತಿ. ಅದಕ್ಕೆ ಕೀಲಿಕೈ ಮಾಡುವ ಜಾಣ್ಮೆಯು ವಿಜ್ಞಾನಿಗಳದು. ಆದರೆ ಸಾವಿರ ಬೀಗಗಳಲ್ಲಿ ಯಾವುದಕ್ಕೆ ಮೊದಲು ಕೈಹಚ್ಚಬೇಕೆಂಬುದನ್ನು ಪ್ರಕೃತಿಯೂ ಹೇಳದು, ರಸಾಯನಶಾಸ್ತ್ರವೂ ಹೇಳದು. ಅದನ್ನು ಹೇಳಬೇಕಾದವರು ಆ ರೋಗದೊಡನೆ ಬದುಕುವ ಜನರು, ಮತ್ತು ಅವರ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದಿರುವ ನಾವು. ಈ ವರ್ಷ ನಾವು ಪದವಿಯನ್ನು ಹಿಡಿದು ಹೊರಗೆ ಹೋಗುತ್ತೇವೆ. ಕೆಲವರು ಕಚೇರಿಗಳನ್ನು, ಕೆಲವರು ಶಾಲೆಗಳನ್ನು, ಕೆಲವರು ಪತ್ರಿಕೆಗಳನ್ನು ಸೇರಿಯಾರು. ಎಲ್ಲಿದ್ದರೂ ಈ ಪ್ರಶ್ನೆಯನ್ನು ಕೇಳುವುದನ್ನು ಬಿಡದಿರೋಣ.